ಮಿತವ್ಯಯದಲ್ಲಿ ಗುಣಮಟ್ಟದ ಮಾಂಸ ಖರೀದಿ: ಕುಲಗೋಡ ಹಾಗೂ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ನಾಗರಿಕರಿಗೆ ಮಾಹಿತಿ

ಪೀಠಿಕೆ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಕುಟುಂಬಗಳು ತಮ್ಮ ಮಿತಿಯಾದ ಮನೆವೆಚ್ಚದೊಳಗೆ ಆರೋಗ್ಯಕರವಾದ ಕುರಿ, ಆಡು, ಕೋಳಿ ಮಾಂಸ ಹಾಗೂ ಮೀನನ್ನು ಎಲ್ಲಿ ಮತ್ತು ಹೇಗೆ ಖರೀದಿಸಬಹುದೆಂಬ ಬಗ್ಗೆ ಈ ಪುಟದಲ್ಲಿ ಮಾಹಿತಿ ನೀಡಲಾಗಿದೆ. ಉದಾಹರಣೆಗಾಗಿ ಕುಲಗೋಡ ಗ್ರಾಮವನ್ನು ಆರಿಸಿಕೊಳ್ಳಲಾಗಿದೆ. ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿದ್ದ ಈ ಗ್ರಾಮವು ಈಗ ಮೂಡಲಗಿ ತಾಲ್ಲೂಕಿನಲ್ಲಿದೆ. ನಗರದ ಮಾರುಕಟ್ಟೆಯೂ ಇಲ್ಲದ, ಕುರಿ ಸಾಕುವವರು ಮಾತ್ರ ಮನೆಬಾಗಿಲಿಗೇ ಸಿಗುವ ಇಂತಹ ಗ್ರಾಮಗಳ ಸ್ಥಿತಿ ಮೂರೂ ತಾಲ್ಲೂಕುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ.

ಕಡಿಮೆ ದರವೆಂಬ ಕಾರಣಕ್ಕೆ ಮಾಂಸ ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ದರ ಏಕೆ ಕಡಿಮೆಯಾಗಿದೆ ಎಂಬುದನ್ನು ಕೇಳದೆ ಕೊಳ್ಳುವುದರಿಂದ ಜೀವಕ್ಕೇ ಅಪಾಯವಾಗಬಹುದಾದ ಒಂದು ಸಂದರ್ಭವಿದೆ. ಅದನ್ನು ಮುಂದೆ ಪ್ರತ್ಯೇಕವಾಗಿ ವಿವರಿಸಲಾಗಿದೆ. ಸಾರ್ವಜನಿಕರು ಬೇರಾವುದನ್ನು ಓದದಿದ್ದರೂ ಆ ಭಾಗವನ್ನು ತಪ್ಪದೇ ಓದಬೇಕೆಂದು ಕೋರಲಾಗಿದೆ.

ಖರೀದಿಸುವ ಸ್ಥಳಗಳು

ಪರವಾನಗಿ ಪಡೆದ ಮಾಂಸದ ಅಂಗಡಿ ಮೊದಲನೆಯ ಆಯ್ಕೆ. ಗೋಕಾಕದಲ್ಲಿ ನಗರಸಭೆಯೂ, ಮೂಡಲಗಿ, ಹುಕ್ಕೇರಿ ಹಾಗೂ ಸಂಕೇಶ್ವರಗಳಲ್ಲಿ ಪುರಸಭೆಗಳೂ, ಕುಲಗೋಡದಂತಹ ಗ್ರಾಮಗಳಲ್ಲಿ ಗ್ರಾಮ ಪಂಚಾಯತಿಯೂ ಸ್ಥಳೀಯ ಪರವಾನಗಿ ನೀಡುವ ಪ್ರಾಧಿಕಾರಗಳಾಗಿರುತ್ತವೆ. ಇದರ ಜೊತೆಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮದನ್ವಯ ಪ್ರತಿಯೊಬ್ಬ ಮಾಂಸ ವ್ಯಾಪಾರಿಯೂ ನೋಂದಣಿ ಅಥವಾ ಪರವಾನಗಿ ಹೊಂದಿರತಕ್ಕದ್ದು. ಸದರಿ ಅಧಿನಿಯಮದ ಪರವಾನಗಿ ವ್ಯವಸ್ಥೆಯು 2011ರ ಆಗಸ್ಟ್ 5ರಿಂದ ಜಾರಿಯಲ್ಲಿದೆ. ನೋಂದಣಿ ಸಂಖ್ಯೆಯು 14 ಅಂಕಿಗಳದ್ದಾಗಿದ್ದು, ಗ್ರಾಹಕರಿಗೆ ಕಾಣುವಂತೆ ಅಂಗಡಿಯಲ್ಲಿ ಪ್ರದರ್ಶಿಸಬೇಕು. ಸಂಖ್ಯೆ ಕಾಣದಿದ್ದಲ್ಲಿ ಕೇಳುವುದಕ್ಕೆ ಸಂಕೋಚ ಬೇಡ. ನೋಂದಣಿ ಇದ್ದ ಮಾತ್ರಕ್ಕೆ ಆ ದಿನದ ಮಾಂಸ ಉತ್ತಮವೆಂದು ಹೇಳಲಾಗದು. ಆದರೆ ತೊಂದರೆಯಾದಾಗ ಯಾರನ್ನು ಹೊಣೆ ಮಾಡಬೇಕೆಂಬುದು ಅದರಿಂದ ತಿಳಿಯುತ್ತದೆ.

ಎರಡನೆಯದು ವಾರದ ಸಂತೆ. ಸಂತೆಯಲ್ಲಿ ಜವಾರಿ ಕೋಳಿ, ಕುರಿಮರಿ, ಆಡುಗಳು ಜೀವಂತವಾಗಿ ಮಾರಾಟಕ್ಕೆ ಬರುತ್ತವೆ. ಜೀವಂತ ಪ್ರಾಣಿಯನ್ನು ನೋಡಿ ಕೊಳ್ಳುವುದರಿಂದ ಅದರ ಆರೋಗ್ಯ ಕಣ್ಣಿಗೆ ಕಾಣುತ್ತದೆ ಎಂಬುದೇ ಸಂತೆಯ ದೊಡ್ಡ ಅನುಕೂಲ. ಬಯಲಿನಲ್ಲಿ ನೆಲದ ಮೇಲೆ ಹಾಸಿದ ಚೀಲದಲ್ಲಿ ಕತ್ತರಿಸಿಟ್ಟ ಮಾಂಸವನ್ನು ಮಾತ್ರ, ಎಷ್ಟೇ ಅಗ್ಗವಾಗಿದ್ದರೂ, ಕೊಳ್ಳಬಾರದು.

ಮೂರನೆಯದು ನೇರವಾಗಿ ಕುರಿಗಾರರಿಂದ ಖರೀದಿ. ಈ ಸೀಮೆಯ ಕುರಿಗಳು ಬಹುತೇಕ ದಖ್ಖನಿ ತಳಿಯವು. ಕಂಬಳಿಗೆ ಒದಗುವ ಕಪ್ಪು ಉಣ್ಣೆಯ ಈ ತಳಿ ಬರಗಾಲವನ್ನೂ ದೂರದ ನಡಿಗೆಯನ್ನೂ ತಾಳಿಕೊಳ್ಳುತ್ತದೆ. ಸುಗ್ಗಿಯ ನಂತರ ಘಟಪ್ರಭಾ ನೀರಾವರಿ ಸೀಮೆಯ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವ ಪದ್ಧತಿ ಇರುವುದರಿಂದ, ಆ ತಿಂಗಳುಗಳಲ್ಲಿ ಗ್ರಾಮದ ಅಂಚಿನಲ್ಲಿಯೇ ಹಿಂಡುಗಳು ಸಿಗುತ್ತವೆ. ಮಧ್ಯವರ್ತಿಯ ಪಾಲು ಉಳಿಯುವುದು ಇಲ್ಲಿಯೇ. ದೊಡ್ಡ ಸಮಾರಂಭಗಳಿಗೆ ಹಲವು ಕುರಿ ಬೇಕಾದವರು ನೆರೆಯ ಬಾಗಲಕೋಟೆ ಜಿಲ್ಲೆಯ ಅಮೀನಗಡ ಮತ್ತು ಕೆರೂರ ಸಂತೆಗಳಿಗೆ ಹೋಗುವುದುಂಟು. ಒಂದೆರಡು ಕುರಿಗಾಗಿ ಅಷ್ಟು ದೂರ ಹೋದರೆ ವಾಹನದ ಬಾಡಿಗೆಯಲ್ಲಿಯೇ ಉಳಿತಾಯ ಕರಗುತ್ತದೆ.

ಸತ್ತ ಪ್ರಾಣಿಯ ಮಾಂಸ: ವಿಶೇಷ ಎಚ್ಚರಿಕೆ

ಗ್ರಾಮದಲ್ಲಿ ಅರ್ಧ ದರಕ್ಕೆ ಖಂಡ ಸಿಗುತ್ತಿದೆ ಎಂಬ ಸುದ್ದಿ ಬಂದಾಗ, ಆ ಕುರಿ ಕೊಯ್ದದ್ದೋ ಅಥವಾ ತಾನಾಗಿ ಸತ್ತದ್ದೋ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ರೋಗದಿಂದ ಸತ್ತ ಅಥವಾ ಸಾಯುವ ಸ್ಥಿತಿಯಲ್ಲಿ ಆತುರದಿಂದ ಕೊಯ್ದ ಪ್ರಾಣಿಯ ಮಾಂಸವನ್ನು ತಿನ್ನಬಾರದು, ಮುಟ್ಟಲೂಬಾರದು.

ಇದಕ್ಕೆ ಮುಖ್ಯ ಕಾರಣ ಅಂಥ್ರಾಕ್ಸ್ ಎಂದು ಕರೆಯಲ್ಪಡುವ ನೆರಡಿ ರೋಗ. ಕುರಿ, ಆಡು, ದನ, ಎಮ್ಮೆಗಳಲ್ಲಿ ಬರುವ ಈ ರೋಗದಲ್ಲಿ ಸಂಜೆಯವರೆಗೆ ಮೇಯುತ್ತಿದ್ದ ಪ್ರಾಣಿ ಬೆಳಗಾಗುವಷ್ಟರಲ್ಲಿ ಸತ್ತಿರಬಹುದು. ಹೊಟ್ಟೆ ಬೇಗನೆ ಉಬ್ಬುತ್ತದೆ. ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತದೆ. ಅಂತಹ ಶವವನ್ನು ಕತ್ತರಿಸಿದ ಕೂಡಲೇ ರೋಗಾಣುಗಳು ಗಾಳಿಯ ಸಂಪರ್ಕಕ್ಕೆ ಬಂದು ಗಟ್ಟಿ ಕವಚದ ಬೀಜಕಣಗಳಾಗಿ ಮಾರ್ಪಡುತ್ತವೆ. ಈ ಬೀಜಕಣಗಳು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯಬಲ್ಲವು. ಸಾಮಾನ್ಯ ಅಡುಗೆಯ ಕುದಿತದಿಂದ ಅವು ಖಚಿತವಾಗಿ ನಾಶವಾಗುತ್ತವೆ ಎನ್ನಲಾಗದು. ಆದುದರಿಂದ "ಚೆನ್ನಾಗಿ ಬೇಯಿಸಿದರೆ ಏನೂ ಆಗುವುದಿಲ್ಲ" ಎಂಬ ಮಾತು ಇಲ್ಲಿ ಅನ್ವಯಿಸುವುದಿಲ್ಲ. ಚರ್ಮ ಸುಲಿದವರ ಕೈಮೇಲೆ ನೋವಿಲ್ಲದ, ನಡುವೆ ಕಪ್ಪಾದ ಹುಣ್ಣು ಕಾಣಿಸಿಕೊಳ್ಳುತ್ತದೆ. ತಿಂದವರಿಗೆ ಜ್ವರ, ಹೊಟ್ಟೆನೋವು, ರಕ್ತಭೇದಿಗಳಾಗಬಹುದು. ಪ್ರಾರಂಭದಲ್ಲಿಯೇ ಆಸ್ಪತ್ರೆಗೆ ಹೋಗಿ, ಎಂತಹ ಮಾಂಸವನ್ನು ಮುಟ್ಟಿದೆವು ಎಂಬುದನ್ನು ಮುಚ್ಚಿಡದೆ ತಿಳಿಸಿದಲ್ಲಿ ಪ್ರತಿಜೈವಿಕ ಔಷಧಿಗಳಿಂದ ಗುಣವಾಗುತ್ತದೆ. ಮುಚ್ಚಿಟ್ಟರೆ ವೈದ್ಯರು ಬೇರೆ ರೋಗವೆಂದು ಭಾವಿಸುವ ಸಂಭವವಿದೆ. ಕರ್ನಾಟಕವು ಈ ರೋಗ ಆಗಾಗ ಕಾಣಿಸಿಕೊಳ್ಳುವ ರಾಜ್ಯಗಳಲ್ಲೊಂದು ಎಂಬುದನ್ನು ಗಮನಿಸಬೇಕು.

ಹಠಾತ್ತನೆ ಸತ್ತ ಪ್ರಾಣಿಯ ಶವವನ್ನು ಕೊಯ್ಯದೆ, ಚರ್ಮ ಸುಲಿಯದೆ ಪಶು ಚಿಕಿತ್ಸಾಲಯಕ್ಕೆ ತಿಳಿಸಬೇಕು. ಪಶು ವೈದ್ಯಾಧಿಕಾರಿಗಳು ಕಿವಿಯ ರಕ್ತನಾಳದಿಂದ ರಕ್ತದ ಲೇಪ ತೆಗೆದು ಪರೀಕ್ಷಿಸಿ ಮುಂದಿನ ಕ್ರಮವನ್ನು ನಿರ್ಧರಿಸುತ್ತಾರೆ. ಶವವನ್ನು ಸುಣ್ಣದೊಂದಿಗೆ ಆಳವಾದ ಗುಂಡಿಯಲ್ಲಿ ಹೂಳತಕ್ಕದ್ದು.

ಕುರಿ ಕಳೆದುಕೊಂಡವನ ಕಷ್ಟವನ್ನೂ ಇಲ್ಲಿ ಹೇಳದಿದ್ದರೆ ಈ ಎಚ್ಚರಿಕೆ ಅಪೂರ್ಣವಾದೀತು. ಸತ್ತ ಕುರಿಯಿಂದ ನಾಲ್ಕು ಕಾಸಾದರೂ ಹುಟ್ಟಲೆಂದೇ ಆತ ಮಾಂಸ ಮಾರುತ್ತಾನೆ. ಈ ನಷ್ಟವನ್ನು ಭರಿಸುವ ಸಲುವಾಗಿಯೇ ರಾಜ್ಯದಲ್ಲಿ ಅನುಗ್ರಹ ಯೋಜನೆಯಿದ್ದು, ಆಕಸ್ಮಿಕವಾಗಿ ಸತ್ತ ಕುರಿ, ಮೇಕೆಗಳಿಗೆ ಪರಿಹಾರಧನ ನೀಡಲಾಗುತ್ತದೆ. ವಯಸ್ಕ ಕುರಿ ಅಥವಾ ಮೇಕೆಗೆ ರೂ. 5,000 ಇದ್ದ ಪರಿಹಾರವನ್ನು ರೂ. 7,500ಕ್ಕೆ ಹೆಚ್ಚಿಸುವುದಾಗಿ 2025-26ನೇ ಸಾಲಿನ ಆಯವ್ಯಯದಲ್ಲಿ ಘೋಷಿಸಲಾಯಿತು. ಪ್ರಾಣಿ ಸತ್ತ ಕೂಡಲೇ ಪಶು ವೈದ್ಯಾಧಿಕಾರಿಗಳಿಗೆ ತಿಳಿಸಿ ಅವರಿಂದ ದೃಢೀಕರಣ ಪಡೆದಲ್ಲಿ ಮಾತ್ರ ಇದು ದೊರೆಯುತ್ತದೆ. ಶವವನ್ನು ಕೊಯ್ದು ಹಂಚಿದ ಮೇಲೆ ದೃಢೀಕರಿಸಲು ಏನೂ ಉಳಿದಿರುವುದಿಲ್ಲ. ಅರ್ಧ ದರದ ಮಾಂಸ ಮಾರಲು ಬಂದ ನೆರೆಯವರಿಗೆ ಈ ವಿಷಯವನ್ನು ತಿಳಿಸಿಕೊಡುವುದು ದೂರು ನೀಡುವುದಕ್ಕಿಂತ ಹೆಚ್ಚು ಪ್ರಯೋಜನಕಾರಿ.

ಮಾಂಸದ ಗುಣಮಟ್ಟವನ್ನು ಗುರುತಿಸುವ ಬಗೆ

ಎಳೆಯ ಕುರಿಯ ಮಾಂಸವು ತಿಳಿಗೆಂಪಾಗಿಯೂ, ಕೊಬ್ಬು ಬೆಳ್ಳಗೆ ಗಟ್ಟಿಯಾಗಿಯೂ ಇರುತ್ತದೆ. ವಯಸ್ಸಾದಂತೆ ಮಾಂಸದ ಬಣ್ಣ ಗಾಢವಾಗುತ್ತದೆ. ಬೆರಳಿನಿಂದ ಒತ್ತಿದರೆ ಬಿದ್ದ ತಗ್ಗು ಕೂಡಲೇ ಮೇಲೇಳಬೇಕು. ಕೈಗೆ ಅಂಟುವ, ಹಸಿರು ಛಾಯೆಯ ಅಥವಾ ಹುಳಿ ವಾಸನೆಯ ಮಾಂಸವನ್ನು ತಿರಸ್ಕರಿಸಬೇಕು. ಕೊಯ್ಯುವಾಗ ರಕ್ತ ಪೂರ್ಣವಾಗಿ ಹೊರಹೋಗಿದ್ದಲ್ಲಿ ಮಾಂಸದೊಳಗಿನ ಸಣ್ಣ ನಾಳಗಳು ಬರಿದಾಗಿರುತ್ತವೆ. ಅವುಗಳಲ್ಲಿ ಕಪ್ಪು ರಕ್ತ ತುಂಬಿಕೊಂಡಿದ್ದು, ಇಡೀ ಮಾಂಸ ಕಡುಗೆಂಪಾಗಿ ಕಂಡರೆ ಅದು ಸತ್ತ ನಂತರ ಕೊಯ್ದ ಪ್ರಾಣಿಯದೆಂಬ ಅನುಮಾನಕ್ಕೆ ಆಸ್ಪದವಿದೆ. ತಲೆ ಮತ್ತು ಚರ್ಮ ಇನ್ನೂ ಅಂಗಡಿಯಲ್ಲಿಯೇ ಇರುವ ಬೆಳಗಿನ ಹೊತ್ತಿನಲ್ಲಿ ಹೋಗುವುದು ಉತ್ತಮ. ಬಾಯಿ ತೆರೆದು ಹಲ್ಲು ನೋಡಿದರೆ ವಯಸ್ಸು ತಿಳಿಯುತ್ತದೆ: ಮುಂದಿನ ಹಲ್ಲುಗಳೆಲ್ಲ ಸಣ್ಣ ಹಾಲುಹಲ್ಲುಗಳಾಗಿದ್ದರೆ ಒಂದು ವರ್ಷ ಅಥವಾ ತುಸು ಹೆಚ್ಚಿನ ಒಳಗಿನ ಮರಿ, ನಡುವೆ ಎರಡು ದೊಡ್ಡ ಹಲ್ಲು ಬಂದಿದ್ದರೆ ಅದಕ್ಕಿಂತ ದೊಡ್ಡದು.

ಯಕೃತ್ತು, ಅಂದರೆ ಕಲೇಜಿಯ ಮೇಲೆ ನೀರು ತುಂಬಿದ ಗುಳ್ಳೆಗಳಿದ್ದಲ್ಲಿ ಅದನ್ನು ಸ್ವೀಕರಿಸಬಾರದು. ಇಂತಹ ಗುಳ್ಳೆಗಳು ನಾಯಿಯ ಕರುಳಿನ ಲಾಡಿಹುಳುವಿನಿಂದ ಕುರಿಗೆ ಬರುತ್ತವೆ. ಆ ಕಲೇಜಿಯನ್ನು ಹಸಿಯಾಗಿ ನಾಯಿಗೆ ಹಾಕಿದರೆ ಹುಳು ಮತ್ತೆ ನಾಯಿಯಲ್ಲಿ ಬೆಳೆದು, ಅಲ್ಲಿಂದ ಮಕ್ಕಳಿಗೂ ತಗಲಬಹುದು. ಅಂಗಡಿಯ ಹಿಂದೆ ನಾಯಿಗಳು ಸೇರಿರುವುದು ಇದೇ ಕಾರಣಕ್ಕೆ ಕೇವಲ ಅಸಹ್ಯದ ವಿಷಯವಲ್ಲ.

ಕೋಳಿಯನ್ನು ಕೊಳ್ಳುವಾಗ ಜೀವಂತವಾಗಿರುವುದನ್ನೇ ಆರಿಸಿ, ಕಣ್ಣೆದುರಿಗೆ ಕೊಯ್ಯಿಸಿಕೊಳ್ಳಬೇಕು. ತೂಕಡಿಸುವ, ಜುಟ್ಟು ನೀಲಿಗಟ್ಟಿದ, ಮೂಗು ಸೋರುವ ಕೋಳಿ ಬೇಡ. 2025ರ ಪ್ರಾರಂಭದಲ್ಲಿ ರಾಜ್ಯದ ಚಿಕ್ಕಬಳ್ಳಾಪುರ, ರಾಯಚೂರು ಹಾಗೂ ಬಳ್ಳಾರಿ ಜಿಲ್ಲೆಗಳ ಕೆಲವೆಡೆ ಹಕ್ಕಿಜ್ವರ ದೃಢಪಟ್ಟಾಗ ದೂರದ ಊರುಗಳಲ್ಲಿಯೂ ಜನರು ಕೋಳಿ ತಿನ್ನಲು ಹಿಂಜರಿದರು. ಮಾಂಸದ ಎಲ್ಲ ಭಾಗವೂ 70 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗುವಂತೆ ಬೇಯಿಸಿದಲ್ಲಿ ಹಕ್ಕಿಜ್ವರದ ವೈರಾಣು ನಾಶವಾಗುತ್ತದೆ. ನಮ್ಮ ಮನೆಗಳ ಸಾರು ಕುದಿಯುವುದು ಅದಕ್ಕಿಂತ ಹೆಚ್ಚಿನ ಬಿಸಿಯಲ್ಲಿ. ಅಪಾಯವಿರುವುದು ರೋಗಪೀಡಿತ ಕೋಳಿಯನ್ನು ಮುಟ್ಟುವುದರಲ್ಲಿ ಹಾಗೂ ಕೊಯ್ಯುವುದರಲ್ಲಿ. ನೆರಡಿ ರೋಗಕ್ಕೂ ಇದಕ್ಕೂ ಇರುವ ಈ ವ್ಯತ್ಯಾಸವನ್ನು ಗಮನಿಸುವುದು.

ಪಾಲಿನ ಕುರಿ: ಲಾಭ ನಷ್ಟದ ಲೆಕ್ಕ

ಐದಾರು ಮನೆಯವರು ಕೂಡಿ ಒಂದು ಕುರಿ ಕೊಂಡು ಪಾಲು ಹಾಕಿಕೊಳ್ಳುವ ರೂಢಿ ಗ್ರಾಮಗಳಲ್ಲಿ ಹಳೆಯದು. ಇದು ಅಂಗಡಿಗಿಂತ ಯಾವಾಗಲೂ ಅಗ್ಗ ಎಂಬ ನಂಬಿಕೆ ಪೂರ್ಣ ನಿಜವಲ್ಲ. ಕೆಳಗಿನ ದರಗಳು ಲೆಕ್ಕದ ವಿಧಾನವನ್ನು ತೋರಿಸಲು ಮಾತ್ರ. ತಮ್ಮ ಊರಿನ ಆ ದಿನದ ದರವನ್ನು ಹಾಕಿ ನೋಡಿಕೊಳ್ಳುವುದು.

ಜೀವಂತ ತೂಕ 24 ಕಿಲೋ ಇರುವ ಕುರಿಯನ್ನು ರೂ. 7,800ಕ್ಕೆ ಕೊಂಡು, ಕೊಯ್ದು ಸ್ವಚ್ಛಗೊಳಿಸಿದವರಿಗೆ ರೂ. 400 ಕೊಟ್ಟರೆ ಒಟ್ಟು ವೆಚ್ಚ ರೂ. 8,200. ತಲೆ, ಕಾಲು, ಕಲೇಜಿ, ಬೋಟಿಗಳಿಗೆ ರೂ. 1,000 ಬೆಲೆ ಕಟ್ಟಿ ಕಳೆದರೆ ಮಾಂಸದ ಪಾಲಿಗೆ ರೂ. 7,200 ಬರುತ್ತದೆ. ಕುರಿಯಲ್ಲಿ ಎಲುಬುಸಹಿತ ಮಾಂಸವು ಜೀವಂತ ತೂಕದ ಶೇ. 45ರ ಆಸುಪಾಸಿನಲ್ಲಿರುತ್ತದೆ. ಹಾಗಾಗಿ 10.8 ಕಿಲೋ ಮಾಂಸ ದೊರೆತು, ಕಿಲೋಗೆ ಸುಮಾರು ರೂ. 667 ಬೀಳುತ್ತದೆ. ಅಂಗಡಿಯ ದರ ರೂ. 750 ಇದ್ದರೆ ಆರು ಮನೆಗಳಿಗೆ ತಲಾ 1.8 ಕಿಲೋ ದೊರೆತು, ಪ್ರತಿ ಮನೆಗೂ ರೂ. 150ರಷ್ಟು ಉಳಿಯುತ್ತದೆ. ಆದರೆ ಕುರಿಯನ್ನು ತೂಗದೆ, ಕೈಯಿಂದ ಬೆನ್ನು ಹಿಡಿದು ನೋಡಿ 24 ಕಿಲೋ ಎಂದು ಅಂದಾಜಿಸಿ, ವಾಸ್ತವವಾಗಿ ಅದು 21 ಕಿಲೋ ಇದ್ದಲ್ಲಿ ಸಿಗುವ ಮಾಂಸ 9.45 ಕಿಲೋ ಮಾತ್ರ. ಆಗ ಕಿಲೋಗೆ ಸುಮಾರು ರೂ. 762 ಆಗಿ, ಅಂಗಡಿಗಿಂತ ದುಬಾರಿಯಾಯಿತು. ಮೂರು ಕಿಲೋ ಅಂದಾಜಿನ ತಪ್ಪಿನಲ್ಲಿ ಇಡೀ ಉಳಿತಾಯ ಹೋಗುತ್ತದೆ. ಬೆಳಿಗ್ಗೆ ಹೊಟ್ಟೆ ತುಂಬ ಮೇಯಿಸಿ ನೀರು ಕುಡಿಸಿ ತಂದ ಕುರಿಯ ತೂಕವೂ ಹೀಗೆಯೇ ಮೋಸ ಮಾಡುತ್ತದೆ. ತೂಗುವ ಅನುಕೂಲವಿಲ್ಲದಿದ್ದಲ್ಲಿ ಪಳಗಿದ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯುವುದೇ ಸರಿ.

ಪಾಲಿಗೆ ಕೊಯ್ಯುವ ಮುನ್ನ ಕುರಿಯನ್ನು ಸಮೀಪದ ಪಶು ಚಿಕಿತ್ಸಾಲಯದಲ್ಲಿ ತೋರಿಸಬಹುದು. ಇತ್ತೀಚೆಗೆ ಚುಚ್ಚುಮದ್ದು ಹಾಕಿಸಿದ್ದ ಪ್ರಾಣಿಯಾಗಿದ್ದರೆ ಔಷಧಿಯ ಅಂಶ ದೇಹದಿಂದ ಹೋಗುವವರೆಗೆ ಎಷ್ಟು ದಿನ ಕಾಯಬೇಕೆಂಬುದನ್ನು ಅಲ್ಲಿಯೇ ಕೇಳಿ ತಿಳಿಯಬೇಕು. ಗಬ್ಬದ ಕುರಿಯನ್ನೂ, ಮೂರು ತಿಂಗಳೊಳಗಿನ ಮರಿಯನ್ನೂ, ಮೂರು ತಿಂಗಳೊಳಗಿನ ಮರಿಯುಳ್ಳ ತಾಯಿಯನ್ನೂ ವಧಾಗೃಹಗಳಲ್ಲಿ ಕೊಯ್ಯುವುದನ್ನು 2001ರ ಪ್ರಾಣಿ ಹಿಂಸೆ ತಡೆ (ವಧಾಗೃಹ) ನಿಯಮಗಳು ನಿಷೇಧಿಸುತ್ತವೆ. ಮನೆಯ ಪಾಲಿಗೂ ಇದೇ ಕ್ರಮವನ್ನು ಅನುಸರಿಸುವುದು ಹಿಂಡಿನ ಹಿತಕ್ಕೂ ಒಳ್ಳೆಯದು. ಜಾನುವಾರುಗಳ ವಿಷಯದಲ್ಲಿ 2020ರ ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮವು 2021ರಿಂದ ಜಾರಿಗೆ ಬಂದಿದ್ದು, ಆಕಳು, ಕರು, ಹೋರಿ, ಎತ್ತು ಹಾಗೂ 13 ವರ್ಷದೊಳಗಿನ ಎಮ್ಮೆ, ಕೋಣಗಳ ವಧೆಯನ್ನು ನಿಷೇಧಿಸುತ್ತದೆ. ದೇವಾಲಯದ ಆವರಣದಲ್ಲಿ ಪ್ರಾಣಿಬಲಿ ಕೊಡುವುದನ್ನು 1959ರ ಅಧಿನಿಯಮವು ನಿಷೇಧಿಸಿದೆ. ಜಾತ್ರೆಯ ಸಂದರ್ಭದಲ್ಲಿ ಪಾಲಿನ ಕುರಿ ಕೊಯ್ಯುವವರು ಇದನ್ನು ನೆನಪಿನಲ್ಲಿಡಬೇಕು.

ಕಡಿಮೆ ಖರ್ಚಿನ ಇತರ ಆಯ್ಕೆಗಳು

ಮಕ್ಕಳಿಗೂ ಗರ್ಭಿಣಿಯರಿಗೂ ಬೇಕಾದ ಸಸಾರಜನಕದ ದೃಷ್ಟಿಯಿಂದ ನೋಡಿದರೆ ಕುರಿಯ ಮಾಂಸವೇ ಆಗಬೇಕೆಂದಿಲ್ಲ. ಚರ್ಮ ತೆಗೆದ ಕೋಳಿ ಮಾಂಸದಲ್ಲಿ ನೂರು ಗ್ರಾಮಿಗೆ ಇಪ್ಪತ್ತು ಗ್ರಾಮಿಗಿಂತ ಹೆಚ್ಚು ಸಸಾರಜನಕವಿದ್ದು, ಕುರಿ ಮಾಂಸದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಹಣಕ್ಕೆ ತಕ್ಕ ಪೋಷಣೆಯಲ್ಲಿ ಮೊಟ್ಟೆಯನ್ನು ಮೀರಿಸುವುದು ಕಷ್ಟ. ಆದರೂ ಹಬ್ಬದ ದಿನ ಮೊಟ್ಟೆಯ ಸಾರಿಗೆ ಬೀಗರು ಒಪ್ಪುವುದಿಲ್ಲವೆಂಬುದನ್ನು ಇಲಾಖೆಯೂ ಬಲ್ಲದು.

ಅಂಗಡಿಯಲ್ಲಿ ಕೋಳಿಯ ಜೀವಂತ ದರ ಹಾಗೂ ಸ್ವಚ್ಛಗೊಳಿಸಿದ ಮಾಂಸದ ದರ ಬೇರೆ ಬೇರೆಯಾಗಿರುತ್ತವೆ. ಎರಡು ಕಿಲೋ ಕೋಳಿಯಲ್ಲಿ ಚರ್ಮ ತೆಗೆದ ಮಾಂಸ ಸುಮಾರು 1.3 ಕಿಲೋ ಬರುತ್ತದೆ. ಜೀವಂತ ದರ ರೂ. 130 ಎಂದುಕೊಂಡರೆ ಮಾಂಸ ಕಿಲೋಗೆ ರೂ. 200 ಆಯಿತು. ಸ್ವಚ್ಛ ಮಾಂಸದ ದರ ಇದಕ್ಕಿಂತ ಬಹಳ ಹೆಚ್ಚಾಗಿದ್ದರೆ ಇಡೀ ಕೋಳಿ ತೂಗಿಸಿಕೊಳ್ಳುವುದು ಲಾಭಕರ. ಮೊಟ್ಟೆಯಿಡುವ ಅವಧಿ ಮುಗಿದ ಫಾರಂ ಕೋಳಿಗಳು ಇನ್ನೂ ಅಗ್ಗ. ಮಾಂಸ ಗಡಸಾಗಿದ್ದು ಕುಕ್ಕರಿನಲ್ಲಿ ಹೆಚ್ಚು ಹೊತ್ತು ಬೇಯಬೇಕು, ಆದರೆ ಸಾರಿಗೆ ರುಚಿ ಹೆಚ್ಚು. ಹಿತ್ತಲಿನಲ್ಲಿ ಜಾಗವಿರುವ ಕುಟುಂಬಗಳು ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಲಾದ ಗಿರಿರಾಜ ಅಥವಾ ಸ್ವರ್ಣಧಾರ ತಳಿಯ ನಾಲ್ಕಾರು ಮರಿಗಳನ್ನು ಸಾಕಿಕೊಳ್ಳಬಹುದು. ಮನೆಯ ಉಳಿಕೆ ಕಾಳು, ಹುಳುಹುಪ್ಪಟೆಗಳನ್ನು ತಿಂದೇ ಇವು ಜವಾರಿ ಕೋಳಿಗಿಂತ ಬೇಗ ತೂಕ ಪಡೆಯುತ್ತವೆ.

ಕುರಿಯಲ್ಲಿಯೇ ಅಗ್ಗದ ಭಾಗಗಳಾದ ತಲೆ, ಕಾಲು, ಬೋಟಿಗಳನ್ನು ಕೊಳ್ಳುವವರು ಅದೇ ದಿನ ಕೊಯ್ದ ಕುರಿಯದನ್ನೇ ಕೊಳ್ಳಬೇಕು. ಇವು ಮಾಂಸಕ್ಕಿಂತ ಬೇಗ ಕೆಡುತ್ತವೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ಸಮೀಪದ ಗ್ರಾಮಗಳವರಿಗೆ ಕಾಟ್ಲಾ, ರೋಹು ಮುಂತಾದ ಸಿಹಿನೀರಿನ ಮೀನು ಒಳ್ಳೆಯ ಆಯ್ಕೆ. ಕಿವಿರು ಕೆಂಪಾಗಿಯೂ ಕಣ್ಣು ಉಬ್ಬಿಯೂ ಇರುವ ಮೀನು ತಾಜಾ ಎಂದು ತಿಳಿಯಬೇಕು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಸಮುದ್ರದ ಮೀನಿನ ಬೆಲೆ ಏರಿರುತ್ತದೆ.

ಶ್ರಾವಣ ಮಾಸದಲ್ಲಿ ಬೇಡಿಕೆ ಇಳಿಯುವುದರಿಂದ ಕೋಳಿಯ ದರ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ರವಿವಾರ ಹಾಗೂ ಹಬ್ಬದ ಮರುದಿನದ ಕರಿಯಂದು ಅಂಗಡಿಗಳಲ್ಲಿ ನೂಕುನುಗ್ಗಲಿದ್ದು, ಆರಿಸಿಕೊಳ್ಳುವ ಅವಕಾಶವೂ ಕಡಿಮೆ. ಗಾಂಧಿ ಜಯಂತಿ, ಮಹಾವೀರ ಜಯಂತಿಯಂತಹ ದಿನಗಳಲ್ಲಿ ಸ್ಥಳೀಯ ಸಂಸ್ಥೆಗಳು ಮಾಂಸ ಮಾರಾಟ ನಿಷೇಧಿಸಿ ಆದೇಶ ಹೊರಡಿಸುವುದುಂಟು. ಆ ದಿನ ಹಿಂಬಾಗಿಲಿನಿಂದ ಸಿಗುವ ಮಾಂಸ ಹಿಂದಿನ ದಿನದ್ದಾಗಿರುವ ಸಾಧ್ಯತೆ ಹೆಚ್ಚು.

ತೂಕ

ವಾರಕ್ಕೊಮ್ಮೆ ಅರ್ಧ ಕಿಲೋ ಕೊಳ್ಳುವ ಕುಟುಂಬಕ್ಕೆ ಪ್ರತಿ ಬಾರಿ 50 ಗ್ರಾಂ ಕಡಿಮೆ ತೂಗಿದರೆ ವರ್ಷಕ್ಕೆ 2.6 ಕಿಲೋ ನಷ್ಟವಾಗುತ್ತದೆ. ವಿದ್ಯುನ್ಮಾನ ತೂಕದ ಯಂತ್ರಕ್ಕೆ ವರ್ಷಕ್ಕೊಮ್ಮೆಯೂ, ತಕ್ಕಡಿ ಹಾಗೂ ತೂಕದ ಕಲ್ಲುಗಳಿಗೆ ಎರಡು ವರ್ಷಕ್ಕೊಮ್ಮೆಯೂ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಮುದ್ರೆ ಹಾಕಿಸಿರತಕ್ಕದ್ದು. ತೂಗುವ ಮುನ್ನ ಯಂತ್ರದಲ್ಲಿ ಸೊನ್ನೆ ಇದೆಯೇ ಎಂದು ನೋಡುವುದು. ತಟ್ಟೆಗೆ ಅಂಟಿದ ಹಳೆಯ ಕೊಬ್ಬೂ ತೂಕಕ್ಕೆ ಸೇರುತ್ತದೆ.

ಮನೆಗೆ ತಂದ ನಂತರ

ಬೇಸಿಗೆಯಲ್ಲಿ ಈ ಸೀಮೆಯ ಬಿಸಿಲಿಗೆ ಮಾಂಸವನ್ನು ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬಾರದು. ಫ್ರಿಜ್ ಇಲ್ಲದ ಮನೆಯವರು ಅಂದಿನ ಅಡುಗೆಗೆ ಬೇಕಾದಷ್ಟನ್ನೇ ಕೊಳ್ಳುವುದು. ಅಗ್ಗವೆಂದು ಎರಡು ದಿನಕ್ಕಾಗುವಷ್ಟು ತಂದು ಅರ್ಧ ಎಸೆಯುವುದು ಉಳಿತಾಯವಲ್ಲ. ಹಸಿ ಮಾಂಸ ಕೊಯ್ದ ಈಳಿಗೆ, ಹಲಗೆಗಳನ್ನು ತೊಳೆಯದೆ ಸೌತೆಕಾಯಿ, ಉಳ್ಳಾಗಡ್ಡಿ ಹೆಚ್ಚಬಾರದು.

ದೂರು ಮತ್ತು ಅರ್ಜಿ

ಕೆಟ್ಟ ಮಾಂಸ, ನೋಂದಣಿಯಿಲ್ಲದ ಮಾರಾಟದ ಬಗ್ಗೆ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಅಥವಾ ಬೆಳಗಾವಿಯಲ್ಲಿರುವ ಜಿಲ್ಲಾ ಅಂಕಿತ ಅಧಿಕಾರಿಗಳಿಗೆ ಬರಹದ ಮೂಲಕ ದೂರು ಸಲ್ಲಿಸಬಹುದು. ಅಂಗಡಿಯ ಸ್ಥಳ, ದಿನಾಂಕ, ಸಮಯ ಹಾಗೂ ನೋಂದಣಿ ಸಂಖ್ಯೆ ತಿಳಿದಿದ್ದಲ್ಲಿ ಅದನ್ನೂ ಬರೆಯಬೇಕು. ಮಾಂಸವನ್ನು ಎಸೆಯದೆ ತಣ್ಣಗೆ ಕಾಯ್ದಿರಿಸಿದ್ದರೆ ಪರಿಶೀಲನೆಗೆ ಅನುಕೂಲ. ಗ್ರಾಮದ ಅಂಗಡಿಯ ನೈರ್ಮಲ್ಯದ ವಿಷಯವಾದಲ್ಲಿ ಗ್ರಾಮ ಪಂಚಾಯತಿಯ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು. ಪ್ರಾಣಿಗಳ ರೋಗ ಅಥವಾ ಹಠಾತ್ ಸಾವಿನ ಬಗ್ಗೆ ಸಮೀಪದ ಪಶು ಚಿಕಿತ್ಸಾಲಯಕ್ಕೆ ಅಥವಾ 1962 ಸಂಖ್ಯೆಗೆ ಕರೆ ಮಾಡಬೇಕು. ತೂಕ ಮತ್ತು ದರದ ಮೋಸದ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ತಿಳಿಸಬಹುದು.

ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗುವುದಾದಲ್ಲಿ, ಕೊಟ್ಟ ಹಣದ ಮೊತ್ತ ರೂ. 5 ಲಕ್ಷದವರೆಗಿನ ಪ್ರಕರಣಗಳಿಗೆ ಶುಲ್ಕವಿಲ್ಲ. ಮಾಂಸದ ಅಂಗಡಿಯಲ್ಲಿ ರಸೀದಿ ಕೊಡುವ ರೂಢಿ ಕಡಿಮೆ. ಕೇಳಿದಾಗ ಚೀಟಿಯ ಮೇಲೆ ತೂಕ, ದರ, ದಿನಾಂಕ ಬರೆದು ಸಹಿ ಮಾಡಿ ಕೊಟ್ಟರೂ ಸಾಕು. ಮೊಬೈಲಿನ ಮೂಲಕ ಹಣ ಪಾವತಿಸಿದ್ದಲ್ಲಿ ಆ ಸಂದೇಶವನ್ನು ಅಳಿಸದೆ ಇಟ್ಟುಕೊಂಡು ಅರ್ಜಿಯೊಂದಿಗೆ ಅದರ ಪ್ರತಿಯನ್ನು ಲಗತ್ತಿಸಬಹುದು.